ಕಾಫ್ ಟಾಪ್: ಯಾರೂ ಮುಟ್ಟದೇನೆ ಎರಡೂವರೆ ಸೆಂಟಿಮೀಟರ್ ಎತ್ತರ ಆದ ಬೆಟ್ಟ

ಇಂಗ್ಲೆಂಡಿನ ಉತ್ತರಕ್ಕೆ ಕಂಬ್ರಿಯಾ ಕೌಂಟಿ, ಅದರ ಆಗ್ನೇಯ ಮೂಲೇಲಿ ಬಾರ್ಬನ್ ಅಂತ ಒಂದು ಸಣ್ಣ ಊರು, ಊರ ಹಿಂದೆ ಎದ್ದಿರೋ ಗುಡ್ಡಗಳ ಸಾಲಿಗೆ ಮಿಡಲ್ಟನ್ ಫೆಲ್ ಅಂತಾರೆ, ಆ ಸಾಲಿನ ತುತ್ತತುದೀನೇ ಕಾಫ್ ಟಾಪ್. ಒಂದು ಕಡೆ ಲೂನ್ ನದಿ ಕಣಿವೆ, ಇನ್ನೊಂದು ಕಡೆ ಬಾರ್ಬನ್‌ಡೇಲ್ ಅನ್ನೋ ಇಕ್ಕಟ್ಟು ಕಣಿವೆ. ನೆತ್ತಿ ಮೇಲೆ ಹುಲ್ಲು, ಒಂದು ಸರ್ವೆ ಕಂಬ, ಅಷ್ಟೇ. ನೋಡೋಕೆ ಅಂಥಾ ದೊಡ್ಡ ಬೆಟ್ಟ ಏನಲ್ಲ, ನಮ್ಮ ಮಲೆನಾಡಲ್ಲಿದ್ದಿದ್ರೆ ಹೆಸರು ಕೂಡ ಪಕ್ಕದ ಹಳ್ಳಿಯವರಿಗಷ್ಟೇ ಗೊತ್ತಿರ್ತಿತ್ತೇನೋ. ಆದ್ರೆ ಬೆಟ್ಟದ ಎತ್ತರ ಅನ್ನೋದು ಏನು, ಅದನ್ನ ಹೇಗೆ ಅಳೀತಾರೆ, ಎಲ್ಲಿವರೆಗೆ ನಂಬಬಹುದು ಅನ್ನೋದಕ್ಕೆ ನನಗೆ ಗೊತ್ತಿರೋದ್ರಲ್ಲಿ ಇದಕ್ಕಿಂತ ಒಳ್ಳೆ ಕೇಸ್ ಇಲ್ಲ. ಅದಕ್ಕೇ ಪೂರ್ತಿಯಾಗಿ ಬರೀತಿದೀನಿ.

ವಿಷಯ ಇಷ್ಟು. 2016ಕ್ಕೆ ಮುಂಚೆ ಹವ್ಯಾಸಿ ಸರ್ವೆಯವರು ನೆತ್ತಿ ಮೇಲೆ ಒಳ್ಳೆ ಕ್ವಾಲಿಟಿ ಜಿಪಿಎಸ್ ಇಟ್ಟು ಅಳೆದಾಗ ಕಾಫ್ ಟಾಪ್ 609.58 ಮೀಟರ್ ಬಂದಿತ್ತು. 2016ರಲ್ಲಿ ಬ್ರಿಟನ್ನಿನ ಸರ್ಕಾರಿ ಮ್ಯಾಪ್ ಸಂಸ್ಥೆ ಆರ್ಡ್ನನ್ಸ್ ಸರ್ವೆ ಲೆಕ್ಕಾನ ಮತ್ತೆ ಹಾಕಿ 609.606 ಅಂತು. ಎರಡರ ನಡುವೆ ವ್ಯತ್ಯಾಸ 2.6 ಸೆಂಟಿಮೀಟರ್, ಹೆಬ್ಬೆರಳಗಲ. ಆದ್ರೆ ಆ ಎರಡು ನಂಬರಿನ ಮಧ್ಯೆ ಒಂದು ಗೆರೆ ಕೂತಿತ್ತು, 609.6. ಅದು ಸರಿಯಾಗಿ 2000 ಅಡಿ. ಗೆರೆಗೆ 2 ಸೆಂಟಿಮೀಟರ್ ಕೆಳಗಿದ್ದ ಬೆಟ್ಟ ಈಗ 6 ಮಿಲಿಮೀಟರ್ ಮೇಲೆ, ಅಂದ್ರೆ ಬರೀ ಗುಡ್ಡ ಆಗಿದ್ದಿದ್ದು ಪಟ್ಟಿ ಪ್ರಕಾರ ಪರ್ವತ.

2000 ಅಡಿಗೆ ಯಾಕಷ್ಟು ಬೆಲೆ ಅಂದ್ರೆ ಬ್ರಿಟನ್ನಲ್ಲಿ ಬೆಟ್ಟ ಹತ್ತೋರಿಗೆ ಪಟ್ಟಿಗಳು ಅಂದ್ರೆ ಪ್ರಾಣ. ಇದು ಶುರುವಾಗಿದ್ದು 1891ರಲ್ಲಿ, ಸರ್ ಹ್ಯೂ ಮನ್ರೋ ಅನ್ನೋರು ಸ್ಕಾಟ್ಲೆಂಡಿನ 3000 ಅಡಿ ದಾಟಿದ ಶಿಖರಗಳನ್ನೆಲ್ಲ ಪಟ್ಟಿ ಮಾಡಿದ್ರು, ಆ ಬೆಟ್ಟಗಳಿಗೇ ಮನ್ರೋ ಅಂತ ಹೆಸರಾಯ್ತು, ಜೀವಮಾನ ಪೂರ್ತಿ ಒಂದೊಂದಾಗಿ ಅವನ್ನ ಹತ್ತಿ ಮುಗಿಸೋ ಜನ ಇದಾರೆ. ಇಂಗ್ಲೆಂಡ್ ವೇಲ್ಸ್‌ನಲ್ಲಿ ಅಷ್ಟೆತ್ತರದ್ದು ಕಮ್ಮಿ, ಅದಕ್ಕೆ ಅಲ್ಲಿ 2000 ಅಡಿ ಗೆರೆ ನಡೆಯುತ್ತೆ. ಹ್ಯೂಯಿಟ್ ಅಂತ ಒಂದು ಪಟ್ಟಿ, 2000 ಅಡಿ ಎತ್ತರ ಇರ್ಬೇಕು ಜೊತೆಗೆ ಸುತ್ತ ಕನಿಷ್ಠ 30 ಮೀಟರ್ ಇಳಿಜಾರಿರ್ಬೇಕು (ಅಂದ್ರೆ ಅದಕ್ಕಿಂತ ಎತ್ತರದ ಇನ್ನೊಂದು ಬೆಟ್ಟಕ್ಕೆ ಹೋಗೋಕೆ ಅಷ್ಟಾದ್ರೂ ಇಳೀಬೇಕು), ನಟಾಲ್ ಅಂತ ಇನ್ನೊಂದು, ಅದಕ್ಕೆ 15 ಮೀಟರ್ ಇಳಿಜಾರು ಸಾಕು. ಕಾಫ್ ಟಾಪ್‌ಗೆ ಇಳಿಜಾರಿನದ್ದು ಸಮಸ್ಯೆನೇ ಇರ್ಲಿಲ್ಲ, ಸುತ್ತ 300 ಮೀಟರ್ ಮೇಲೆ ಇಳಿಯುತ್ತೆ. ಕೊರತೆ ಇದ್ದಿದ್ದು ಎತ್ತರದಲ್ಲಿ ಮಾತ್ರ, ಅದೂ ಎರಡು ಸೆಂಟಿಮೀಟರ್.

ಮ್ಯಾಪಿನಲ್ಲಿ ಇರೋ ನಂಬರ್ ಎಲ್ಲಿಂದ ಬರುತ್ತೆ

ಮ್ಯಾಪಲ್ಲಿ ಶಿಖರದ ಪಕ್ಕ 609 ಅಂತ ಅಚ್ಚಾಗಿದ್ರೆ ನಾವು ಯಾರೋ ಹೋಗಿ ಟೇಪ್ ಹಿಡಿದು ಅಳೆದಷ್ಟು ನಂಬ್ತೀವಿ. ಆದ್ರೆ ಆ ನಂಬರುಗಳು ಎಲ್ಲಾ ಒಂದೇ ಜಾತಿಯವಲ್ಲ. ಕೆಲವು 1936ರಲ್ಲಿ ಶುರುವಾದ ಮರುತ್ರಿಕೋನ ಸರ್ವೆಯವು, ಆಗ ಬ್ರಿಟನ್ ತುಂಬಾ ಬೆಟ್ಟಗಳ ಮೇಲೆ ಸುಮಾರು 6500 ಕಾಂಕ್ರೀಟ್ ಕಂಬ ಕಟ್ಟಿದ್ರು, ಥಿಯೋಡಲೈಟ್ ಅನ್ನೋ ಕೋನ ಅಳೆಯೋ ಸಲಕರಣೆನ ಅದರ ಮೇಲೆ ಕೂರಿಸಿ ಕಂಬದಿಂದ ಕಂಬಕ್ಕೆ ಕೋನ ನೋಡ್ತಿದ್ರು. ಇನ್ನು ತುಂಬಾ ನಂಬರುಗಳು ವಿಮಾನದಿಂದ ತೆಗೆದ ಫೋಟೋಗಳಿಂದ ಬಂದಿದ್ದು. ಎರಡು ಫೋಟೋ ಜೋಡಿಸಿ ಉಬ್ಬುತಗ್ಗು ನೋಡಿ ಎತ್ತರ ಓದೋದು, ಅದರಲ್ಲಿ ಸುಮಾರು 3 ಮೀಟರ್ ಆಚೀಚೆ ಆಗೋದು ಮಾಮೂಲಿ. ಒಂದು ದೇಶಕ್ಕೆಲ್ಲ ಮ್ಯಾಪ್ ಮಾಡೋಕೆ ಅದು ಧಾರಾಳ ಸಾಕು, ಮ್ಯಾಪ್ ಮಾಡಿದೋರ ತಪ್ಪು ಅದಲ್ಲ. ತೊಂದ್ರೆ ಆಗೋದು ಗೆರೆ ಹತ್ತಿರ ಇರೋ ಬೆಟ್ಟಗಳಿಗೆ. 609 ಅಂತ ಮ್ಯಾಪ್ ಹೇಳಿದ್ರೆ ನಿಜದಲ್ಲಿ 607 ಇರಬಹುದು 611 ಇರಬಹುದು, ಆದ್ರೆ ಪಟ್ಟಿ ಮಾಡೋರು 609 < 609.6 ಅಂತ ಹೊರಗಿಡ್ತಾರೆ.

ಕಂಬ ಇದ್ರೂ ಒಂದು ಗೊಂದಲ ಇರುತ್ತೆ. ಕಂಬಕ್ಕೆ ಅಂತ ಬರೆದಿರೋ ಎತ್ತರ ಬೇರೆ, ಅದರ ಬುಡದ ನೆಲದ್ದು ಬೇರೆ, ಬೆಟ್ಟದ ನಿಜವಾದ ಅತೀ ಎತ್ತರದ ಜಾಗ ಇನ್ನೂ ಬೇರೆ ಇರಬಹುದು. ಕಂಬ ಕಟ್ಟೋರು ನೋಡೋದು ಇಲ್ಲಿಂದ ಬೇರೆ ಬೆಟ್ಟಗಳು ಕಾಣ್ಬೇಕು ಅನ್ನೋದನ್ನ, ಇದೇ ಎತ್ತರದ ಕಲ್ಲಾ ಅನ್ನೋದನ್ನಲ್ಲ.

ಈ ಗೊಂದಲಗಳನ್ನ ಬಿಡಿಸೋಕೆ ಇಳಿದಿದ್ದು ಸರ್ಕಾರ ಅಲ್ಲ, ಬೆಟ್ಟ ಹತ್ತೋ ಹುಚ್ಚಿರೋ ಮೂರು ಜನ. ಜಾನ್ ಬರ್ನಾರ್ಡ್, ಗ್ರಹಾಂ ಜಾಕ್ಸನ್, ಮರ್ದಿನ್ ಫಿಲಿಪ್ಸ್. 2008ರಲ್ಲಿ ಇವರು ವೇಲ್ಸ್‌ನ ಮನಿದ್ ಗ್ರೈಗ್ ಗೋಚ್ ಅನ್ನೋ ಬೆಟ್ಟಕ್ಕೆ ಸರ್ವೆ ಗ್ರೇಡ್ ಜಿಪಿಎಸ್ ಹೊತ್ಕೊಂಡು ಹೋದ್ರು, ಮ್ಯಾಪಲ್ಲಿ 609 ಇತ್ತು, ಅಳೆದಾಗ 609.75 ಬಂತು, ಅಂದ್ರೆ 2000 ಅಡಿ ಮೇಲೆ ಆರು ಇಂಚು. ಡೇಟಾನ ಆರ್ಡ್ನನ್ಸ್ ಸರ್ವೆಗೇ ಕೊಟ್ರು, ಅವರು ತಮ್ಮ ಕಡೆಯಿಂದ ಲೆಕ್ಕ ಹಾಕಿ ಹೌದು ಅಂದ್ರು. ನನಗೆ ಇದರಲ್ಲಿ ತುಂಬಾ ಹಿಡಿಸೋದು ಈ ನಡೆ. ನಾವು ಅಳೆದ್ವಿ, ನಮ್ಮದೇ ಸರಿ ಅಂತ ಜಗಳಕ್ಕೆ ನಿಲ್ಲದೆ ಕಚ್ಚಾ ಡೇಟಾನ ಅಧಿಕಾರ ಇರೋರ ಕೈಗೆ ಕೊಟ್ಟು ನೀವೇ ನೋಡಿ ಅನ್ನೋದು. ಸಂಸ್ಥೆನೂ ಹವ್ಯಾಸಿಗಳು ಅಂತ ಕಡೆಗಣಿಸದೆ ನೋಡ್ತು. ಎರಡೂ ಕಡೆಯವರಿಗೂ ಗೌರವ ಸಲ್ಲಬೇಕು.

ನೆತ್ತಿ ಮೇಲೆ ಏನು ಮಾಡ್ತಾರೆ

ಮೊದಲನೇ ಕೆಲಸ ಜಿಪಿಎಸ್ ಆನ್ ಮಾಡೋದಲ್ಲ, ಎತ್ತರದ ಜಾಗ ಯಾವುದು ಅಂತ ಹುಡುಕೋದು. ಕಣ್ಣಿಗೆ ನಂಬಿಕೆ ಇಡೋ ಹಾಗಿಲ್ಲ, ಯಾಕಂದ್ರೆ ಚಪ್ಪಟೆ ನೆತ್ತಿ ಮೇಲೆ ನಾವು ಎಲ್ಲಿ ನಿಂತ್ರೂ ಆಚೆ ಕಡೆದು ಎತ್ತರ ಅನ್ಸುತ್ತೆ. ಅದಕ್ಕೆ ಟ್ರೈಪಾಡ್ ಮೇಲೆ ಲೆವೆಲ್ ಅನ್ನೋ ಸಮಮಟ್ಟ ನೋಡೋ ದುರ್ಬೀನು ಇಟ್ಟು, ಒಬ್ಬರು ಸ್ಟಾಫ್ ಅನ್ನೋ ಅಳತೆ ಕೋಲು ಹಿಡ್ಕೊಂಡು ದಿಣ್ಣೆಯಿಂದ ದಿಣ್ಣೆಗೆ ಓಡಾಡ್ತಾರೆ, ನಮ್ಮ ರೋಡ್ ಕೆಲಸದಲ್ಲಿ, ಸೈಟಲ್ಲಿ ಡಂಪಿ ಲೆವೆಲ್ ಹಾಕ್ತಾರಲ್ಲ ಅದೇ ಕೆಲಸ. ಸ್ಟಾಫ್ ಓದಿದ ಅಂಕಿ ಎಲ್ಲಿ ಅತೀ ಕಮ್ಮಿಯೋ ಅಲ್ಲಿ ನೆಲ ಅತೀ ಎತ್ತರ.

ಆಮೇಲೆ ನೆಲ ಅಂದ್ರೆ ಯಾವುದು ಅನ್ನೋ ಪ್ರಶ್ನೆ. ಜನ ಬಂದೋರೆಲ್ಲ ಒಂದೊಂದು ಕಲ್ಲು ಇಟ್ಟು ಗುಡ್ಡೆ ಹಾಕಿರ್ತಾರೆ, ಅದು ಲೆಕ್ಕಕ್ಕಿಲ್ಲ. ಸರ್ವೆ ಕಂಬ ಲೆಕ್ಕಕ್ಕಿಲ್ಲ. ಕಂಬ ಕಟ್ಟೋಕೆ ಅಂತ ಹಾಕಿದ ದಿಬ್ಬನೂ ಇಲ್ಲ. ಸಹಜವಾಗಿರೋ ಗಟ್ಟಿ ನೆಲ ಅಥವಾ ಬಂಡೆ ಮಾತ್ರ. ಇದು ಕೇಳೋಕೆ ಸುಲಭ, ಮಾಡೋಕೆ ಕಷ್ಟ, ಯಾಕಂದ್ರೆ ಅಲ್ಲಿ ಸುಮಾರು ಬೆಟ್ಟಗಳ ಮೇಲೆ ಪೀಟ್ ಅಂತ ಮೆತ್ತಗಿನ ಕಪ್ಪು ಮಣ್ಣು ಇರುತ್ತೆ, ಮಳೆಗೆ ಉಬ್ಬುತ್ತೆ ಬಿಸಿಲಿಗೆ ಇಳಿಯುತ್ತೆ, ಹುಲ್ಲಿನ ಗೆಡ್ಡೆ ಮೇಲೆ ಕಾಲಿಟ್ರೆ ಕುಸಿಯುತ್ತೆ. ಸೆಂಟಿಮೀಟರ್ ಲೆಕ್ಕದಲ್ಲಿ ಮಾತಾಡೋವಾಗ ಇದೆಲ್ಲ ಸಣ್ಣ ವಿಷಯ ಅಲ್ಲ.

ಜಾಗ ಸಿಕ್ಕಿದ್ಮೇಲೆ ಅದರ ಮೇಲೆ ಜಿಪಿಎಸ್ ಆಂಟೆನಾ ನಿಲ್ಸಿ, ಆಂಟೆನಾದಿಂದ ನೆಲಕ್ಕೆ ಎಷ್ಟು ಅಂತ ಸರಿಯಾಗಿ ಅಳೆದು ಬರ್ಕೊಂಡು, ಗಂಟೆಗಟ್ಟಲೆ ಬಿಡ್ತಾರೆ. ಫೋನಲ್ಲಿ ಇರೋ ಜಿಪಿಎಸ್ ಥರ ಅಲ್ಲ ಇದು, ಸ್ಯಾಟಲೈಟ್ ಸಿಗ್ನಲ್ಲಿನ ಅಲೆಯ ಹಂತವನ್ನೇ ಸೆಕೆಂಡ್ ಸೆಕೆಂಡಿಗೆ ರೆಕಾರ್ಡ್ ಮಾಡುತ್ತೆ. ಸುಮ್ನೆ ಅಷ್ಟೇ ಆದ್ರೂ ಸಾಲ್ದು, ಏಕೆಂದ್ರೆ ಗಾಳಿಯ ಪದರಗಳು ಸಿಗ್ನಲ್ಲನ್ನ ತಡ ಮಾಡ್ತವೆ. ಆ ತಪ್ಪನ್ನ ಕಳೆಯೋಕೆ ದೇಶದ ತುಂಬಾ ಕಾಯಂ ಆಗಿ ನಿಲ್ಲಿಸಿರೋ ರೆಫರೆನ್ಸ್ ಸ್ಟೇಷನ್‌ಗಳ ಡೇಟಾ ಬೇಕು, ಆರ್ಡ್ನನ್ಸ್ ಸರ್ವೆ ಅಂಥವು ನೂರಕ್ಕೂ ಹೆಚ್ಚು ಇಟ್ಟಿದೆ. ಅವುಗಳ ಜಾಗ ಮಿಲಿಮೀಟರ್ ಮಟ್ಟಕ್ಕೆ ಗೊತ್ತಿರುತ್ತೆ, ಅದೇ ಹೊತ್ತಲ್ಲಿ ಅವು ಏನು ಓದಿದವು ಅಂತ ನೋಡಿ ಬೆಟ್ಟದ ಮೇಲಿನ ಓದನ್ನ ಸರಿ ಮಾಡ್ತಾರೆ. ನಮ್ಮಲ್ಲಿ ಡಿಜಿಪಿಎಸ್, ರೋವರ್ ಅಂತ ಸರ್ವೆಯವರು ತರ್ತಾರಲ್ಲ, ಹಿಂದಿರೋ ತತ್ವ ಇದೇ. ಹೀಗೆ ಮಾಡಿದ್ರೂ ಎತ್ತರದಲ್ಲಿ ಸುಮಾರು 5 ಸೆಂಟಿಮೀಟರ್ ಆಚೀಚೆ ಅಂತ ಇಟ್ಕೋಬೇಕು. ಸ್ಯಾಟಲೈಟ್‌ಗಳೆಲ್ಲ ನಮ್ಮ ತಲೆ ಮೇಲೇ ಇರ್ತವೆ, ಕಾಲ ಕೆಳಗೆ ಒಂದೂ ಇರಲ್ಲ, ಹಾಗಾಗಿ ಅಡ್ಡ ಅಳೆಯೋದಕ್ಕಿಂತ ಎತ್ತರ ಅಳೆಯೋದ್ರಲ್ಲಿ ತಪ್ಪು ಯಾವಾಗ್ಲೂ ಜಾಸ್ತಿ.

ಸೊನ್ನೆ ಎಲ್ಲಿದೆ

ಇಲ್ಲಿಂದ ಮುಂದೆ ಕಾಫ್ ಟಾಪ್ ಕೇಸಿನ ತಿರುಳು. ಜಿಪಿಎಸ್‌ಗೆ ಸಮುದ್ರ ಮಟ್ಟ ಅಂದ್ರೆ ಏನು ಅಂತ ಗೊತ್ತೇ ಇಲ್ಲ. ಅದು ಕೊಡೋ ಎತ್ತರ ಭೂಮಿಗೆ ಗಣಿತದಲ್ಲಿ ಕೂರಿಸಿರೋ ಒಂದು ನುಣುಪಾದ ಚಪ್ಪಟೆಗೋಳದಿಂದ. ಬ್ರಿಟನ್ನಲ್ಲಿ ಆ ಗೋಳ ಸಮುದ್ರ ಮಟ್ಟಕ್ಕಿಂತ ಸುಮಾರು 50 ಮೀಟರ್ ಕೆಳಗಿದೆ, ಅಂದ್ರೆ ಕಾಫ್ ಟಾಪ್ ಮೇಲೆ ಕಚ್ಚಾ ಜಿಪಿಎಸ್ ಓದಿದ್ರೆ 660ರ ಆಸುಪಾಸು ತೋರ್ಸುತ್ತೆ. ಅದನ್ನ ಸಮುದ್ರ ಮಟ್ಟದ ಎತ್ತರಕ್ಕೆ ತರ್ಬೇಕಂದ್ರೆ ಆ ಜಾಗದಲ್ಲಿ ಗೋಳಕ್ಕೂ ಸಮುದ್ರ ಮಟ್ಟಕ್ಕೂ ಅಂತರ ಎಷ್ಟು ಅಂತ ಗೊತ್ತಿರ್ಬೇಕು. ಆ ಅಂತರ ಊರಿಂದೂರಿಗೆ ಬೇರೆ, ಯಾಕಂದ್ರೆ ನೆಲದಡಿ ಕಲ್ಲು ಎಲ್ಲಿ ದಟ್ಟ ಎಲ್ಲಿ ಹಗುರ ಅನ್ನೋದ್ರ ಮೇಲೆ ಗುರುತ್ವ ಬದಲಾಗುತ್ತೆ, ಗುರುತ್ವ ಬದಲಾದ್ರೆ ನೀರು ಸಮವಾಗಿ ನಿಲ್ಲೋ ಮೇಲ್ಮೈ ಅಲ್ಲಲ್ಲಿ ಉಬ್ಬಿ ತಗ್ಗಿರುತ್ತೆ. ಈ ಉಬ್ಬುತಗ್ಗಿನ ಮೇಲ್ಮೈಗೆ ಜಿಯಾಯ್ಡ್ ಅಂತಾರೆ. ದೇಶದ ಯಾವ ಬಿಂದುವಿನಲ್ಲಿ ಅಂತರ ಎಷ್ಟು ಅಂತ ಹೇಳೋ ಲೆಕ್ಕದ ಕೋಷ್ಟಕಕ್ಕೆ ಜಿಯಾಯ್ಡ್ ಮಾಡೆಲ್ ಅಂತಾರೆ.

ಬ್ರಿಟನ್ನಿನ ಸೊನ್ನೆ ಇರೋದು ಕಾರ್ನ್‌ವಾಲ್‌ನ ನ್ಯೂಲಿನ್ ಬಂದರಲ್ಲಿ. 1915ರಿಂದ 1921ರವರೆಗೆ ಅಲ್ಲಿ ಸಮುದ್ರದ ಉಬ್ಬರ ಇಳಿತ ಬರ್ಕೊಂಡು ಸರಾಸರಿ ತೆಗೆದ್ರು, ಅದೇ ಸೊನ್ನೆ. ಬಂದರಿನ ಕಟ್ಟೆ ಮೇಲಿನ ವೀಕ್ಷಣಾಲಯದಲ್ಲಿ ಒಂದು ಹಿತ್ತಾಳೆ ಬೋಲ್ಟ್ ಇದೆ, ಸೊನ್ನೆಗಿಂತ 4.751 ಮೀಟರ್ ಮೇಲೆ, ಇಡೀ ಬ್ರಿಟನ್ ನೆಲದ ಎತ್ತರಗಳು ಆ ಬೋಲ್ಟ್‌ಗೆ ಗಂಟು ಹಾಕ್ಕೊಂಡಿವೆ. ಅಲ್ಲಿಂದ ಲೆವೆಲ್ ಇಟ್ಟು ರಸ್ತೆ ರಸ್ತೆಲಿ ಎತ್ತರ ಸಾಗಿಸ್ಕೊಂಡು ಹೋಗಿ ದೇಶದ ತುಂಬಾ ಬೆಂಚ್ ಮಾರ್ಕ್ ಅನ್ನೋ ಎತ್ತರದ ಗುರುತುಗಳನ್ನ ಕೆತ್ತಿದ್ರು. ನೂರು ವರ್ಷದ ಹಿಂದೆ ಒಂದು ಮೂಲೆಯಲ್ಲಿ ಅಳೆದ ಸಮುದ್ರ, ಇವತ್ತು ನೂರಾರು ಕಿಲೋಮೀಟರ್ ದೂರದ ಒಂದು ಗುಡ್ಡದ ಮೇಲೆ ಸೆಂಟಿಮೀಟರ್ ತೀರ್ಮಾನ ಮಾಡ್ತಿದೆ. ಇದನ್ನ ಯೋಚ್ನೆ ಮಾಡಿದಾಗೆಲ್ಲ ನನಗೆ ಆ ಕೆಲಸ ಮಾಡಿದೋರ ತಾಳ್ಮೆ ಬಗ್ಗೆ ದೊಡ್ಡ ಮರ್ಯಾದೆ ಹುಟ್ಟುತ್ತೆ.

2002ರಿಂದ ಬಳಕೇಲಿದ್ದ ಜಿಯಾಯ್ಡ್ ಮಾಡೆಲ್ಲನ್ನ ಆರ್ಡ್ನನ್ಸ್ ಸರ್ವೆ 2016ರ ಆಗಸ್ಟಲ್ಲಿ ಬದಲಾಯಿಸ್ತು. ಅಷ್ಟರಲ್ಲಿ ರೆಫರೆನ್ಸ್ ಸ್ಟೇಷನ್‌ಗಳ ಜಾಗಗಳನ್ನೇ 2009ರಲ್ಲಿ ಹೊಸದಾಗಿ ಲೆಕ್ಕ ಹಾಕಿದ್ರು, ಮಾಡೆಲ್ ಅದಕ್ಕೆ ಹೊಂದ್ಕೋಬೇಕಿತ್ತು. ಹೊಸ ಮಾಡೆಲ್ ಹಾಕಿದ ಕೂಡ್ಲೇ ಗೆರೆ ಹತ್ತಿರ ಇರೋ ಬೆಟ್ಟಗಳ ಹಳೇ ಲೆಕ್ಕ ಒಂದೆರಡು ಸೆಂಟಿಮೀಟರ್ ಅಲುಗಾಡ್ತು. ಕಾಫ್ ಟಾಪ್ ಹಾಗೇ ಮೇಲೆ ಬಂತು. ಬೆಟ್ಟದ ಬಂಡೆ ಒಂದು ಕೂದಲಷ್ಟೂ ಏರಿಲ್ಲ, ಜಿಪಿಎಸ್ ಓದಿದ ಓದೂ ಅದೇ, ಬದಲಾಗಿದ್ದು ಸೊನ್ನೆ ಆ ಊರಿನ ನೆಲದಡಿ ಎಲ್ಲಿ ಹಾದು ಹೋಗುತ್ತೆ ಅನ್ನೋ ನಮ್ಮ ತಿಳುವಳಿಕೆ. ಅದೇ ತಿಂಗಳ 1ನೇ ತಾರೀಕು ಯಾರ್ಕ್‌ಷೈರ್ ಡೇಲ್ಸ್ ನ್ಯಾಷನಲ್ ಪಾರ್ಕ್‌ನ ಗಡಿನೂ ದೊಡ್ಡದಾಗಿ ಈ ಗುಡ್ಡಸಾಲು ಒಳಗೆ ಸೇರ್ತು, ಎರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ, ಆದ್ರೆ ಒಂದೇ ತಿಂಗಳಲ್ಲಿ ಎರಡು ಥರ ಬಡ್ತಿ.

6 ಮಿಲಿಮೀಟರ್ ಎಷ್ಟು ಗಟ್ಟಿ

ಇಲ್ಲಿ ನಾನೇ ಒಂದು ಲೆಕ್ಕ ಹಾಕಿದೀನಿ, ಇದು ಆ ಸಂಸ್ಥೆಯದ್ದಲ್ಲ ಆ ಸರ್ವೆಯವರದ್ದೂ ಅಲ್ಲ. 5 ಸೆಂಟಿಮೀಟರ್ ಆಚೀಚೆ ಅನ್ನೋದನ್ನ ನೂರಕ್ಕೆ 95 ಸಲ ನಿಜ ಎತ್ತರ ಇದರೊಳಗೇ ಇರುತ್ತೆ ಅನ್ನೋ ಅರ್ಥದಲ್ಲಿ ತಗೊಂಡ್ರೆ, ಕಾಫ್ ಟಾಪ್ ನಿಜವಾಗ್ಲೂ 609.6 ದಾಟಿರೋ ಸಾಧ್ಯತೆ ನೂರಕ್ಕೆ ಸುಮಾರು 60. ಹಳೇ 609.58 ಇದ್ದಾಗ ಇದೇ ಲೆಕ್ಕಕ್ಕೆ ನೂರಕ್ಕೆ 22 ಬರ್ತಿತ್ತು. ಅಂದ್ರೆ ಹಿಂದೆ ಬೆಟ್ಟ ಪಟ್ಟಿಯಿಂದ ಹೊರಗೆ ಇದ್ದಾಗ್ಲೂ ಐದರಲ್ಲಿ ಒಂದು ಪಾಲು ಅನುಮಾನ ಇತ್ತು, ಈಗ ಒಳಗೆ ಬಂದ್ಮೇಲೂ ಐದರಲ್ಲಿ ಎರಡು ಪಾಲು ಅನುಮಾನ ಇದೆ. ಎರಡು ಸಲಾನೂ ಪಟ್ಟಿ ಮಾತ್ರ ಹೌದು ಅಥವಾ ಇಲ್ಲ ಅಂತ ಖಡಾಖಂಡಿತ ಹೇಳ್ತಿತ್ತು.

ಬೇರೆ ಬೆಟ್ಟಗಳನ್ನ ಇದೇ ತಕ್ಕಡಿಲಿ ಹಾಕಿ ನೋಡಿ. ಮನಿದ್ ಗ್ರೈಗ್ ಗೋಚ್ ಗೆರೆಯಿಂದ 15 ಸೆಂಟಿಮೀಟರ್ ಮೇಲೆ, ಅದರಲ್ಲಿ ಅನುಮಾನಕ್ಕೆ ಜಾಗನೇ ಇಲ್ಲ. ಸ್ಕಾಟ್ಲೆಂಡಿನ ಗ್ಲೆನ್ ಕ್ಯಾರನ್ ಕಡೆ ಇರೋ ಸ್ಗೂರ್ ನನ್ ಕ್ಯಾನಿಕನ್ ಮ್ಯಾಪಲ್ಲಿ 915 ಇತ್ತು, ಮನ್ರೋ ಅಂತ ಪಟ್ಟಿಲಿತ್ತು, 2009ರಲ್ಲಿ ಅಳೆದಾಗ 913.43 ಬಂತು, 3000 ಅಡಿ ಅಂದ್ರೆ 914.4, ಸುಮಾರು ಒಂದು ಮೀಟರ್ ಕಮ್ಮಿ, ಪಟ್ಟಿಯಿಂದ ತೆಗೆದ್ರು. ಬೆನ್ ಎ ಕ್ಲೇವ್ ಅನ್ನೋದು 916 ಇದ್ದಿದ್ದು 913.96 ಬಂತು, ಅದನ್ನೂ 2012ರಲ್ಲಿ ತೆಗೆದ್ರು, ಮನ್ರೋಗಳು 282ಕ್ಕೆ ಇಳಿದವು. ಈ ಎರಡೂ ತೀರ್ಪು ಕಲ್ಲಿನ ಮೇಲೆ ಕೆತ್ತಿದಷ್ಟು ಗಟ್ಟಿ. ಕಂಬ್ರಿಯಾದ್ದೇ ಇನ್ನೊಂದು ಬೆಟ್ಟ ಥಾಕ್ ಮೂರ್, ರೆನ್ವಿಕ್ ಊರ ಹತ್ತಿರ, ಮ್ಯಾಪಲ್ಲಿ 609, 2012ರ ಸರ್ವೆಲಿ 609.62, ಗೆರೆಯಿಂದ 2 ಸೆಂಟಿಮೀಟರ್ ಮೇಲೆ. ಇದಕ್ಕೆ ನನ್ನ ಲೆಕ್ಕದಲ್ಲಿ ನೂರಕ್ಕೆ 78. 2000 ಅಡಿ ಪಟ್ಟಿ ನೋಡಿದ್ರೆ ಮನಿದ್ ಗ್ರೈಗ್ ಗೋಚ್, ಥಾಕ್ ಮೂರ್, ಕಾಫ್ ಟಾಪ್ ಮೂರೂ ಒಂದೇ ಥರ ಪರ್ವತ, ಆದ್ರೆ ಒಂದು ಪೂರ್ತಿ ಖಚಿತ, ಒಂದು ಹೆಚ್ಚುಕಮ್ಮಿ ಖಚಿತ, ಒಂದು ನಾಣ್ಯ ಚಿಮ್ಮೋದಕ್ಕಿಂತ ಸ್ವಲ್ಪ ಮೇಲು.

ಹಾಗಂತ ಕಾಫ್ ಟಾಪನ್ನ ಸೇರಿಸಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಗೆರೆ ಅಂತ ಒಂದಿದ್ರೆ ಎಲ್ಲರಿಗೂ ಒಂದೇ ನಿಯಮ ಇರ್ಬೇಕು, ಸದ್ಯಕ್ಕೆ ಇರೋ ಅತ್ಯುತ್ತಮ ಅಂದಾಜು ಗೆರೆ ಮೇಲಿದ್ರೆ ಒಳಗೆ, ಕೆಳಗಿದ್ರೆ ಹೊರಗೆ, ಅದು ನ್ಯಾಯ. ಇನ್ನು ಹತ್ತಿಪ್ಪತ್ತು ವರ್ಷಕ್ಕೆ ಇನ್ನೊಂದು ಮಾಡೆಲ್ ಬಂದು 609.597 ಅಂದ್ರೆ ಬೇಜಾರಿಲ್ದೆ ತೆಗೀಬೇಕು. ನನ್ನ ತಕರಾರು ಬರವಣಿಗೆ ಮೇಲೆ. 609.606 ಅಂತ ಬರೆದು ಸುಮ್ನೆ ಬಿಟ್ರೆ ಓದೋರು ಮಿಲಿಮೀಟರ್‌ವರೆಗೂ ಅಳೆದಿದಾರೆ ಅಂದ್ಕೋತಾರೆ. ಮೂರನೇ ದಶಾಂಶ ಅಲ್ಲಿ ಇರೋದು ಗೆರೆ ಯಾವ ಕಡೆ ಅಂತ ತೋರ್ಸೋಕೆ, ನಿಖರತೆಗಲ್ಲ. ಪಕ್ಕದಲ್ಲಿ ಆಚೀಚೆ 5 ಸೆಂಟಿಮೀಟರ್ ಅಂತ ಹಾಕ್ಬೇಕು, ಯಾವ ಜಿಯಾಯ್ಡ್ ಮಾಡೆಲ್ ಅಂತ ಹಾಕ್ಬೇಕು, ಯಾವ ವರ್ಷ ಅಂತ ಹಾಕ್ಬೇಕು. ಈ ಮೂರು ಇಲ್ಲದ ಎತ್ತರ ಅರ್ಧ ಸುದ್ದಿ. ಆ ಸರ್ವೆ ಮಾಡೋ ಗುಂಪಿನವರು ತಮ್ಮ ವರದಿಗಳಲ್ಲಿ ಅನಿಶ್ಚಿತತೆ ಬರೀತಾರೆ, ಅದನ್ನ ಬಿಟ್ಟುಬಿಡೋದು ಆಮೇಲೆ ಸುದ್ದಿ ಮಾಡೋರು, ಪಟ್ಟಿ ಕಾಪಿ ಮಾಡೋರು.

ನಮ್ಮ ಕಡೆಗೆ ಬಂದ್ರೆ

ಈ ಕೇಸ್ ಓದೋವಾಗ ನನ್ನ ತಲೇಲಿ ಓಡ್ತಿದ್ದಿದ್ದು ಚಿಕ್ಕಮಗಳೂರು. ಮುಳ್ಳಯ್ಯನಗಿರಿ ಕರ್ನಾಟಕದ ಅತೀ ಎತ್ತರದ ಶಿಖರ, ಅದರಲ್ಲಿ ತಕರಾರಿಲ್ಲ, ಆದ್ರೆ ಎತ್ತರ ಎಷ್ಟು ಅಂತ ಹುಡುಕಿದ್ರೆ ಒಂದು ಕಡೆ 1930 ಮೀಟರ್, ಇನ್ನೊಂದು ಕಡೆ 1925. ಐದು ಮೀಟರ್ ವ್ಯತ್ಯಾಸ ಇಟ್ಕೊಂಡು ಯಾರೂ ತಲೆ ಕೆಡಿಸ್ಕೊಂಡಿಲ್ಲ. ಇನ್ನೂ ಕುತೂಹಲದ್ದು ಅಂದ್ರೆ ಬಾಬಾಬುಡನ್‌ಗಿರಿಗೆ 1895 ಮೀಟರ್ ಅಂತ ಹಾಕ್ತಾರೆ, ಕುದುರೆಮುಖಕ್ಕೆ 1894. ಯಾವುದು ದೊಡ್ಡದು ಅಂತ ಟ್ರೆಕ್ಕಿಂಗ್ ಗುಂಪುಗಳಲ್ಲಿ ಮಾತು ನಡೀತಾನೇ ಇರುತ್ತೆ. ಒಂದು ಮೀಟರ್ ಅಂತರ ಹಳೇ ಮ್ಯಾಪ್ ಎತ್ತರಗಳ ತಪ್ಪಿನ ಒಳಗೇ ಮುಳುಗಿಹೋಗೋ ಅಷ್ಟು ಸಣ್ಣದು, ಹಾಗಾಗಿ ಈಗಿರೋ ನಂಬರ್ ಇಟ್ಕೊಂಡು ಯಾರೂ ತೀರ್ಮಾನ ಕೊಡೋ ಹಾಗಿಲ್ಲ. ಆದ್ರೆ ಸರಿಯಾದ ಜಿಪಿಎಸ್ ತಗೊಂಡು ಹೋದ್ರೆ 5 ಸೆಂಟಿಮೀಟರ್ ತಪ್ಪಿನ ಮುಂದೆ ಒಂದು ಮೀಟರ್ ಬಹಳ ದೊಡ್ಡದು, ಎರಡು ಶಿಖರಕ್ಕೂ ಒಂದೊಂದು ದಿನದ ಸರ್ವೆಲಿ ಇತ್ಯರ್ಥ ಆಗೋ ವಿಷಯ ಇದು.

ಫೋನ್ ಹಿಡ್ಕೊಂಡು ಮಾಡೋದು ಬೇಡ. ದಕ್ಷಿಣ ಭಾರತದಲ್ಲಿ ಗೋಳ ಮತ್ತು ಜಿಯಾಯ್ಡ್ ಅಂತರ ಬ್ರಿಟನ್ನಿಗೆ ಉಲ್ಟಾ, ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಇಡೀ ಭೂಮಿಲೇ ಅತೀ ಆಳವಾದ ಜಿಯಾಯ್ಡ್ ತಗ್ಗಿದೆ, ನೂರು ಮೀಟರ್‌ಗೂ ಹೆಚ್ಚು ಆಳ, ಅದರ ಅಂಚಲ್ಲಿ ನಾವಿದೀವಿ. ಹಾಗಾಗಿ ಕರ್ನಾಟಕದ ದಕ್ಷಿಣ ಭಾಗದಲ್ಲಿ ಕಚ್ಚಾ ಜಿಪಿಎಸ್ ಎತ್ತರ ನಿಜವಾದ್ದಕ್ಕಿಂತ ಸುಮಾರು 80 ಮೀಟರ್ ಅಥವಾ ಇನ್ನೂ ಕೆಳಗೆ ತೋರ್ಸುತ್ತೆ. ಕೆಲವು ಆಪ್ ಅದನ್ನ ಸರಿ ಮಾಡಿ ತೋರ್ಸುತ್ತೆ ಕೆಲವು ಮಾಡಲ್ಲ, ಒಂದೇ ಬೆಟ್ಟದ ಮೇಲೆ ಇಬ್ಬರ ಫೋನಲ್ಲಿ 80 ಮೀಟರ್ ವ್ಯತ್ಯಾಸ ಬರೋದಕ್ಕೆ ಇದೂ ಒಂದು ಕಾರಣ.

ನಮ್ಮ ಸೊನ್ನೆಗೂ ಒಂದು ಚರಿತ್ರೆ ಇದೆ, ಅದರಲ್ಲಿ ಕರ್ನಾಟಕದ ಪಾಲೂ ಇದೆ. 1909ರ ಭಾರತದ ಎತ್ತರದ ಲೆಕ್ಕಕ್ಕೆ ಒಂಬತ್ತು ಬಂದರುಗಳ ಸಮುದ್ರ ಮಟ್ಟ ಬಳಸಿದ್ರು, ಅದರಲ್ಲಿ ನಮ್ಮ ಕಾರವಾರನೂ ಒಂದು. ಅದಕ್ಕೂ ಮುಂಚೆ 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಅನ್ನೋ ಬ್ರಿಟಿಷ್ ಸೇನಾಧಿಕಾರಿ ತನ್ನ ತ್ರಿಕೋನ ಸರ್ವೆಗೆ ಬೆಂಗಳೂರಲ್ಲೇ ಬೇಸ್‌ಲೈನ್, ಅಂದ್ರೆ ತ್ರಿಕೋನಗಳಿಗೆ ಬುನಾದಿಯಾಗೋ ಗೆರೆ, ಅಳೆದಿದ್ದ, ಮುಂದೆ ಅವನ ತ್ರಿಕೋನಗಳು ಮದ್ರಾಸಿಂದ ಮೈಸೂರು ಸೀಮೆ ದಾಟಿ ಮಂಗಳೂರು ಕರಾವಳಿವರೆಗೆ ಹೋದ್ವು. ಅಳೆಯೋ ಕೆಲಸ ನಮ್ಮ ನೆಲಕ್ಕೆ ಹೊಸದೇನಲ್ಲ.

ಈಗ ಸಲಕರಣೆನೂ ಇದೆ. ಸರ್ವೆ ಆಫ್ ಇಂಡಿಯಾ ದೇಶದ ತುಂಬಾ ಕಾಯಂ ರೆಫರೆನ್ಸ್ ಸ್ಟೇಷನ್‌ಗಳ ಜಾಲ ಹಾಕಿದೆ, ಕರ್ನಾಟಕದಲ್ಲೂ ಇವೆ. 2021ರ ಫೆಬ್ರವರಿಲಿ ಬಂದ ಹೊಸ ಮಾರ್ಗಸೂಚಿ ಪ್ರಕಾರ ಭಾರತೀಯರು ಸರ್ವೆ, ಮ್ಯಾಪಿಂಗ್ ಮಾಡೋಕೆ ಮೊದಲಿನ ಹಾಗೆ ಮುಂಚಿತ ಅನುಮತಿಗೆ ಕಾಯ್ಬೇಕಿಲ್ಲ. ಕುದುರೆಮುಖ ನ್ಯಾಷನಲ್ ಪಾರ್ಕ್ ಒಳಗಿರೋದ್ರಿಂದ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಅದು ಬೇಕೇ ಬೇಕು, ಶೋಲಾ ಹುಲ್ಲುಗಾವಲಲ್ಲಿ ಟ್ರೈಪಾಡ್ ಹೊತ್ಕೊಂಡು ಮನಸ್ಸಿಗೆ ಬಂದಲ್ಲಿ ಓಡಾಡೋ ಹಾಗಿಲ್ಲ.

ಕಷ್ಟ ಇರೋದು ಬೇರೆ ಕಡೆ. ಮುಳ್ಳಯ್ಯನಗಿರಿ ನೆತ್ತಿ ಮೇಲೆ ದೇವಸ್ಥಾನ ಇದೆ, ಸುತ್ತ ಕಟ್ಟೆ ಕಟ್ಟಿ ಸಮ ಮಾಡಿದಾರೆ, ಮೆಟ್ಟಿಲಿದೆ. ಕಾಫ್ ಟಾಪ್ ನಿಯಮದ ಹಾಗೆ ಸಹಜ ನೆಲ ಮಾತ್ರ ಅಂತ ಹಿಡಿದ್ರೆ ಅಲ್ಲಿ ಸಹಜ ನೆಲ ಎಲ್ಲಿ ಉಳಿದಿದೆ? ಬಹುಶಃ ಗುಡಿ ಅಡಿಪಾಯದ ಕೆಳಗೆ. 1930, 1925 ಅನ್ನೋ ನಂಬರುಗಳು ಗುಡಿ ತುದಿಯದ್ದಾ, ಕಟ್ಟೆಯದ್ದಾ, ಬಂಡೆಯದ್ದಾ ಅಂತ ಪಕ್ಕದಲ್ಲಿ ಎಲ್ಲೂ ಬರೆದಿರಲ್ಲ. ಗುಡಿಗೆ ಯಾವ ತೊಂದ್ರೆನೂ ಮಾಡದೆ ಮಾಡಬಹುದಾದ ದಾರಿ ನನಗೆ ಕಾಣೋದು ಇದು. ಕಟ್ಟೆ ಹೊರಗೆ ಕಾಣೋ ಬಂಡೆಗಳಲ್ಲಿ ಲೆವೆಲ್ ಇಟ್ಟು ಅತೀ ಎತ್ತರದ್ದನ್ನ ಹುಡುಕಿ ಅದರ ಮೇಲೆ ಜಿಪಿಎಸ್ ಇಡೋದು, ಅಲ್ಲಿಂದ ಲೆವೆಲ್‌ನಲ್ಲೇ ಗುಡಿ ಹೊಸ್ತಿಲಿನ ಎತ್ತರ ತಗೊಳ್ಳೋದು, ಎರಡನ್ನೂ ಬೇರೆ ಬೇರೆ ಬರೆಯೋದು. ಅರ್ಚಕರಿಗೆ ಮೊದಲೇ ಹೇಳಿ, ಜನ ಕಮ್ಮಿ ಇರೋ ವಾರದ ದಿನ ಬೆಳಿಗ್ಗೆ ಬೇಗ ಹೋದ್ರೆ ಆಂಟೆನಾನ ಯಾರೂ ಅಲುಗಾಡಿಸದೆ ಎರಡು ಮೂರು ಗಂಟೆ ಬಿಡಬಹುದು. ಮಳೆಗಾಲ ಬೇಡ, ಆ ಮೋಡದಲ್ಲಿ ಸ್ಟಾಫ್ ಓದೋಕೇ ಆಗಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ಬಂದ ಕಚ್ಚಾ ಡೇಟಾನ ಹಾಗೇ ಸರ್ವೆ ಆಫ್ ಇಂಡಿಯಾಗೆ ಕಳಿಸಿ, ಅವರ ಜಿಯಾಯ್ಡ್ ಮಾಡೆಲ್ ಹಾಕಿ ಬಂದ ಉತ್ತರದ ಪಕ್ಕ ಮಾಡೆಲ್ ಹೆಸರು, ವರ್ಷ, ಆಚೀಚೆ ಎಷ್ಟು ಅನ್ನೋದು, ಆಂಟೆನಾ ಇಟ್ಟಿದ್ದು ಯಾವ ಬಂಡೆ ಮೇಲೆ ಅನ್ನೋದ್ರ ಫೋಟೋ, ಇಷ್ಟನ್ನೂ ಸೇರಿಸಿಟ್ರೆ ಮುಂದೆ ಬರೋರು ಬೆಟ್ಟ ಮತ್ತೆ ಹತ್ತದೇನೇ ಲೆಕ್ಕ ತಿದ್ದಬಹುದು.